ದಯಾನಂದನ ಐದು ಡಿಸ್ಕ್‌ಗಳು

ತಗಡಿನ ಡಬ್ಬಿಯಲ್ಲಿ ಐದು ಡಿಸ್ಕ್‌ಗಳಿದ್ದವು. ಐದರಲ್ಲಿ ಒಂದೂ ಓಡಲಿಲ್ಲ.

ಶಶಿರೇಖಾ ಒಂದೊಂದನ್ನೇ ಡ್ರೈವಿಗೆ ಹಾಕಿ ನೋಡಿದಳು. ಪ್ರತಿಯೊಂದೂ ಎರಡು ಸಲ ಗುರ್ರೆಂದು ತಿರುಗಿ ಸುಮ್ಮನಾಯಿತು. ಐದನೆಯದನ್ನು ಹೊರಗೆ ತೆಗೆದಾಗ ಎದುರಿಗಿದ್ದ ಹುಡುಗಿಯ ಮುಖ ನೋಡಲು ಅವಳಿಗೆ ಮನಸ್ಸಾಗಲಿಲ್ಲ.

"ಯಾರೋ ಬೇಕಂತಲೇ ಕೆರೆದು ಹಾಳು ಮಾಡಿದಾರೆ ಅಕ್ಕ," ಎಂದಳು ವರ್ಷಿಣಿ. "ಯಾರು ಅಂತಾನೂ ಗೊತ್ತು."

ತಿಪಟೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಶಶಿರೇಖಾಳ ಕಂಪ್ಯೂಟರ್ ರಿಪೇರಿ ಅಂಗಡಿ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಈಗ ಡಿಸ್ಕ್ ಹಿಡಿದು ಬರುವವರು ವರ್ಷಕ್ಕೆ ನಾಲ್ಕು ಜನ ಇದ್ದರೆ ಹೆಚ್ಚು. ಅದರಲ್ಲಿ ಮೂವರಿಗೆ ಮದುವೆ ವಿಡಿಯೊ ಬೇಕು. ಆ ಮದುವೆಗಳಲ್ಲಿ ಉಳಿದಿರುವುದೂ ಹೆಚ್ಚುಕಡಿಮೆ ಅದೊಂದೇ. ಆದರೆ ಈ ಡಬ್ಬಿಯಲ್ಲಿದ್ದದ್ದು ಕಂಪ್ಯೂಟರ್ ಗೇಮು.

"ಇದು ಅಂಗಡಿಯಿಂದ ತಂದ ಗೇಮಲ್ಲ ಅಲ್ವಾ?"

"ನಮ್ಮಣ್ಣ ದಯಾನಂದ ಮಾಡಿದ್ದು. ಡಿಪ್ಲೊಮಾ ಓದ್ತಿದ್ದಾಗ. ಮರದಿಂದ ಕಾಯಿ ಬೀಳುತ್ತೆ, ಬುಟ್ಟಿಲಿ ಹಿಡೀಬೇಕು. ಹಿಡಿದ್ರೆ ಅಣ್ಣನೇ ಕೂಗ್ತಾನೆ. ಬಿಟ್ರೆ, 'ಹೋಯ್ತು ಬುಡು, ಇನ್ನೊಂದ್ಸಲ ಆಡು' ಅಂತಾನೆ. ಐದು ಸಲ ತಿದ್ದಿ ಐದು ಡಿಸ್ಕ್ ಮಾಡಿದ್ದ."

"ಅವರೀಗ ಎಲ್ಲಿದಾರೆ?"

"ಬೈಕ್ ಆಕ್ಸಿಡೆಂಟು. ಹನ್ನೆರಡು ವರ್ಷ ಆಯ್ತು." ವರ್ಷಿಣಿ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅವನ ದನಿ ಬೇರೆಲ್ಲೂ ಇಲ್ಲ ಅಕ್ಕ. ಅವನ ಕಂಪ್ಯೂಟರ್ ಆಗಲೇ ಕೆಟ್ಟಿತ್ತು. ಈಗ ಅಮ್ಮನ ಬಲಗಿವಿ ಪೂರ್ತಿ ಹೋಗಿದೆ. ಎಡಗಿವೀನೂ ಈ ವರ್ಷ ದಾಟಲ್ಲ ಅಂದ್ರು ಡಾಕ್ಟ್ರು. ಅಷ್ಟರೊಳಗೆ ಒಂದೇ ಒಂದು ಸಲ ಕೇಳಿಸ್ಬೇಕು."

ಶಶಿರೇಖಾ ಡಬ್ಬಿಯನ್ನು ತನ್ನತ್ತ ಎಳೆದುಕೊಂಡಳು. "ಇಷ್ಟು ದಿನ ಇದು ಎಲ್ಲಿತ್ತು?"

"ಒಲೆ ಮೇಲಿನ ಅಟ್ಟದಲ್ಲಿ, ಕೊಬ್ಬರಿ ಕಾಯಿ ಜೊತೆ. ಅಟ್ಟದಲ್ಲಿಟ್ರೆ ಯಾವುದೂ ಕೆಡಲ್ಲ ಅಂತ ಅಮ್ಮನೇ ಇಟ್ಟಿದ್ರು. ಹೋದ ವಾರ ಕಾಯಿ ಇಳಿಸೋಕೆ ನಮ್ಮನೆ ಆಳು ಜುಂಜೇಶ ಹತ್ತಿದ್ದ. ಅವನೊಬ್ಬನೇ ಹತ್ತಿದ್ದು. ಆಟದಲ್ಲಿ ಬುಟ್ಟಿ ಹಿಡಿದು ಓಡೋ ಪೆದ್ದನಿಗೆ ಅಣ್ಣ ಅವನ ಹೆಸರಿಟ್ಟಿದ್ದ. ಊರವರೆಲ್ಲ ನಕ್ಕಿದ್ರು. ಆ ಸಿಟ್ಟು ಅವನಿಗೆ."

"ಅವನನ್ನ ಕೇಳಿದ್ರಾ?"

"ಕೇಳೋದೇನು? ಬೈದು ಕೆಲಸದಿಂದ ಬಿಡಿಸ್ತೀನಿ ಅಂದೆ. ನೀವು ಬೇಕಂತಲೇ ಕೆರೆದಿದ್ದು ಅಂತ ಹೇಳಿ ಸಾಕು, ಸ್ಟೇಷನ್ನಿಗೆ ಹೋಗ್ತೀನಿ."

* * *

ಮಧ್ಯಾಹ್ನ ಶಶಿರೇಖಾ ಪಾಲಿಶ್ ಮೆಷಿನ್ನಿನ ಧೂಳು ಒರೆಸಿ ಕುಳಿತಳು. ಡಿಸ್ಕಿನ ಹೊಳೆಯುವ ಬದಿಗೆ ಗೀರು ಬಿದ್ದಿದ್ದರೆ ತೆಳ್ಳಗೆ ತಿಕ್ಕಿ ಸರಿಮಾಡಬಹುದು. ಒಂದನ್ನು ಅರ್ಧ ಗಂಟೆ ತಿಕ್ಕಿದಳು. ಆ ಬದಿ ನುಣುಪಾಯಿತು. ಅವಳಿಗೂ ಸ್ವಲ್ಪ ಆಸೆ ಹುಟ್ಟಿತು. ಇಂಥ ಕೆಲಸದಲ್ಲಿ ಆಸೆ ಹುಟ್ಟಬಾರದು.

ಡಿಸ್ಕನ್ನು ಟ್ಯೂಬ್‌ಲೈಟಿಗೆ ಹಿಡಿದಳು. ಬೆಳಕು ಅದರೊಳಗಿಂದ ತೂರಿ ಬಂತು.

ಹೆಸರು ಬರೆಯುವ ಬದಿಯನ್ನು ತಿರುಗಿಸಿ ಭೂತಗನ್ನಡಿಯಲ್ಲಿ ನೋಡಿದಳು. ಅಲ್ಲಿ ಪೆನ್ನಿನ ಅಕ್ಷರವೇ ಇರಲಿಲ್ಲ. ಅದರಡಿಯ ಬೆಳ್ಳಿ ಪದರವೂ ಎದ್ದು ಹೋಗಿತ್ತು. ಆಟ, ದನಿ ಎಲ್ಲ ಇರುವುದು ಆ ಪದರದಲ್ಲಿ. ಅದು ಹೋದಮೇಲೆ ಪಾಲಿಶ್ ಮಾಡುವುದೂ ಒಂದೇ, ಬಿಡುವುದೂ ಒಂದೇ. ಉಳಿದ ನಾಲ್ಕೂ ಹಾಗೆಯೇ ಇದ್ದವು.

ಆದರೂ ಅವಳು ಭೂತಗನ್ನಡಿ ಕೆಳಗಿಡಲಿಲ್ಲ. ಗೀರುಗಳು ಅಡ್ಡಾದಿಡ್ಡಿ ಇರಲಿಲ್ಲ. ಎರಡೂ ಬದಿಗೆ, ಒಂದೇ ಸಮನೆ, ಸುತ್ತಾ ಸುತ್ತಾ ಇದ್ದವು. ಒಂದರ ನಡುವಿನ ತೂತಿನಲ್ಲಿ ಬೂದು ಬಣ್ಣದ ಪುಡಿ ಅಂಟಿತ್ತು. ಸೂಜಿಯಿಂದ ಕೆದಕಿದಾಗ ಕಂದು ಬಣ್ಣದ ಎಳೆಯೊಂದು ಹೊರಬಂತು. ಡಿಸ್ಕ್ ಇದ್ದ ಕವರುಗಳು ಮಾತ್ರ ಮಸಿಯಲ್ಲಿ ಕಪ್ಪಗಾಗಿದ್ದವು.

ಅವಳು ಡಬ್ಬಿ ಹಿಡಿದು, ಅಂಗಡಿಗೆ ಬೀಗ ಹಾಕಿ ವರ್ಷಿಣಿಯ ಊರಾದ ನೊಣವಿನಕೆರೆಯ ಬಸ್ಸು ಹತ್ತಿದಳು.

* * *

ಜುಂಜೇಶ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ. ಮೂವತ್ತೆರಡರ ಆಳು, ಸುತ್ತಲೂ ಸಿಪ್ಪೆಯ ರಾಶಿ. ಇವಳನ್ನು ನೋಡಿ ಎದ್ದು ನಿಂತ.

"ಡಬ್ಬಿ ಇಳಿಸಿದ್ದು ನೀನೇನಪ್ಪ?"

"ನಾನೇ ಕಣ್ರೀ."

"ತೆಗೆದು ನೋಡಿದ್ಯಾ?"

"ಇಲ್ಲ. ಮಸಿ ಮೆತ್ಕೊಂಡಿತ್ತು. ಅಮ್ಮೋರ ಕೈಗೆ ಕೊಟ್ಟು ಮತ್ತೆ ಅಟ್ಟ ಹತ್ತಿದೆ."

"ಇದನ್ನ ವರ್ಷಿಣಿಗೆ ಯಾಕೆ ಹೇಳ್ಲಿಲ್ಲ?"

"ಕೇಳಿದ್ರೆ ತಾನೆ? ಬಂದವ್ರೇ ಬೈದ್ರು."

"ಆಟದಲ್ಲಿ ನಿನ್ನ ಹೆಸರಿಟ್ಟು ಗೇಲಿ ಮಾಡಿದ್ರಂತಲ್ಲ. ಸಿಟ್ಟಿತ್ತಾ?"

ಜುಂಜೇಶ ಕೈಗಂಟಿದ ನಾರನ್ನು ಒರೆಸಿಕೊಂಡ. "ಆವಾಗ ಇತ್ತು. ಈಗ ಅವ್ನು ಜುಂಜಾ ಅಂತ ಕೂಗೋದು ಅದ್ರಲ್ಲಿ ಮಾತ್ರ ಅಲ್ವೇನ್ರೀ? ನಂಗೂ ಕೇಳ್ಬೇಕಿತ್ತು."

ಶಶಿರೇಖಾ ಮನೆಯ ಹಿತ್ತಿಲಿಗೆ ನಡೆದಳು. ಒಳಗಿದ್ದ ವರ್ಷಿಣಿ ಹಿಂದೆಯೇ ಬಂದಳು. ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ಒಂದು ಕರಟದಲ್ಲಿ ಒಲೆಯ ಬೂದಿಯಿತ್ತು. ಅದರ ಮೇಲೆ ಒದ್ದೆಯಾದ ತೆಂಗಿನ ನಾರಿನ ಉಂಡೆ.

"ಇಲ್ಲಿ ನೋಡಮ್ಮ," ಎಂದು ಶಶಿರೇಖಾ ದನಿ ತಗ್ಗಿಸಿದಳು. "ಸಿಟ್ಟಿಗೆ ಹಾಳು ಮಾಡೋನು ಮುರಿದು ಬಿಸಾಕ್ತಾನೆ. ಮಚ್ಚಲ್ಲಿ ಎರಡು ಗೀರು ಎಳೀತಾನೆ. ಐದು ಡಿಸ್ಕನ್ನೂ ಎರಡೂ ಕಡೆ, ಒಂದು ಚೂರು ಬಿಡದ ಹಾಗೆ ಉಜ್ಜಲ್ಲ. ಕವರೆಲ್ಲ ಮಸಿ, ಡಿಸ್ಕಲ್ಲಿ ಮಾತ್ರ ಮಸೀನೇ ಇಲ್ಲ. ತೂತಲ್ಲಿ ಬೂದಿ, ನಾರು. ಹನ್ನೆರಡು ವರ್ಷ ಅಟ್ಟದ ಹೊಗೆ ಕುಡಿದಿದ್ದನ್ನ ಯಾರೋ ತೊಳೆದಿದಾರೆ. ಕೆಡಿಸೋಕಲ್ಲ. ಚೆನ್ನಾಗಿ ಓಡ್ಲಿ ಅಂತ."

ವರ್ಷಿಣಿ ಕರಟವನ್ನೇ ನೋಡುತ್ತ ನಿಂತಳು. ಆ ಮನೆಯಲ್ಲಿ ಈಗಲೂ ಬೂದಿಯಲ್ಲಿ ಪಾತ್ರೆ ಬೆಳಗುವವರು ಒಬ್ಬರೇ.

"ಏನೂ ಉಳಿದಿಲ್ವಾ ಅಕ್ಕ? ಒಂದು ಮಾತಾದ್ರೂ?"

"ಇಲ್ಲ ಕಣಮ್ಮ. ಪದರವೇ ಹೋಗಿದೆ."

"ಅಮ್ಮಂಗೆ ಹೇಳ್ಬೇಡಿ. ದಮ್ಮಯ್ಯ."

ಅಷ್ಟರಲ್ಲಿ ವರ್ಷಿಣಿಯ ತಾಯಿ ಗಿರಿಜಾಂಬಿಕಾ ಹಿತ್ತಿಲ ಬಾಗಿಲಿಗೆ ಬಂದಿದ್ದರು. ಹಣೆಗೆ ವಿಭೂತಿ, ಮುಖದಲ್ಲಿ ನಗು. ಶಶಿರೇಖಾಳ ಕೈಯಲ್ಲಿದ್ದ ಡಬ್ಬಿ ನೋಡಿ ಅವರ ಕಣ್ಣರಳಿತು.

"ರಿಪೇರಿಯವ್ರಾ? ಮಾತಾಡ್ತಾ? ಎಷ್ಟು ಮಸಿ ಹಿಡಿದಿತ್ತು ಗೊತ್ತೇನಮ್ಮ!"

ಮೂಲೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಜುಂಜೇಶ ಮುಂದೆ ಬಂದು ಅವರ ಎಡಗಿವಿಗೆ ಬಾಯಿಟ್ಟು ಕೂಗಿದ.

"ಕೆಟ್ಟೋಯ್ತು ಅಮ್ಮೋರೆ! ಅಟ್ಟದಿಂದ ಇಳ್ಸೋವಾಗ ನನ್ ಕೈಜಾರಿ ಬಿತ್ತು! ತಪ್ಪು ನಂದೇ!"

ಗಿರಿಜಾಂಬಿಕಾ ಅವನ ಮುಖ ನೋಡಿದರು. ಆಮೇಲೆ ಡಬ್ಬಿಯಿಂದ ಒಂದು ಡಿಸ್ಕ್ ತೆಗೆದು ಬಿಸಿಲಿಗೆ ಹಿಡಿದರು. ಕಲ್ಲಿನ ಮೇಲೆ ಬೋರಲು ಹಾಕಿದ್ದ ಸ್ಟೀಲ್ ತಟ್ಟೆಯೊಂದನ್ನು ಇನ್ನೊಂದು ಕೈಯಲ್ಲಿ ಎತ್ತಿಕೊಂಡರು. ತಟ್ಟೆಯ ಮೇಲೂ ಸುತ್ತಾ ಸುತ್ತಾ ಸಣ್ಣ ಗೀರು. ಡಿಸ್ಕಿನ ಮೇಲೂ ಅದೇ. ಎರಡನ್ನೂ ಬಹಳ ಹೊತ್ತು ನೋಡಿದರು.

"ಬಿದ್ರೆ ಹಿಂಗೆ ಸುತ್ತಾ ಗೀರು ಬೀಳುತ್ತೇನ್ಲಾ ಜುಂಜ?"

ಜುಂಜೇಶ ತಲೆ ತಗ್ಗಿಸಿದ.

"ಇದು ನನ್ ಕೈ ಗುರುತು. ನಲವತ್ತು ವರ್ಷದಿಂದ ಉಜ್ಜಿದ ಕೈ. ನಂಗೆ ಗೊತ್ತಾಗಲ್ವಾ?" ಅವರು ಕಲ್ಲಿನ ಮೇಲೆ ಕುಳಿತುಬಿಟ್ಟರು. "ನಾನೇ ಉಜ್ಜಿ ತೆಗೆದ್ನಲ್ಲೋ ಅವನನ್ನ."

ವರ್ಷಿಣಿ ಓಡಿಹೋಗಿ ತಾಯಿಯನ್ನು ತಬ್ಬಿಕೊಂಡಳು. ಶಶಿರೇಖಾಳಿಗಂತೂ ಈ ಊರಿಗೆ ಬರಲೇಬಾರದಿತ್ತು ಅನ್ನಿಸಿತು. ಗೊತ್ತು ಮಾಡಿಕೊಂಡು ಯಾರಿಗೆ ಏನು ಸಿಕ್ಕಿತು?

ಸ್ವಲ್ಪ ಹೊತ್ತಾದ ಮೇಲೆ ಗಿರಿಜಾಂಬಿಕಾ ಕಣ್ಣೊರೆಸಿಕೊಂಡರು. "ಅದ್ರಲ್ಲಿ ಅವನು ಏನಂತಿದ್ದ? ನೀನೇ ಹೇಳೇ ವರ್ಷಿ. ನಂಗೆ ಮರೆತೇ ಹೋಗ್ತಿದೆ."

ವರ್ಷಿಣಿ ಅವರ ಎಡಗಿವಿಯ ಹತ್ತಿರ ಬಗ್ಗಿದಳು. ಗಂಟಲು ಸರಿಮಾಡಿಕೊಂಡು, ಅಣ್ಣನ ಹಾಗೆಯೇ ದನಿ ದಪ್ಪ ಮಾಡಿಕೊಂಡು ಹೇಳಿದಳು.

"ಹೋಯ್ತು ಬುಡು, ಇನ್ನೊಂದ್ಸಲ ಆಡು."

ಗಿರಿಜಾಂಬಿಕಾ ಕಣ್ಣು ಮುಚ್ಚಿ ಕೇಳಿದರು. ಇನ್ನೊಂದು ಸಲ ಹೇಳಿಸಿದರು. ಆಮೇಲೆ ನಿಧಾನವಾಗಿ ತಲೆಯಾಡಿಸಿದರು.

"ಇಲ್ಲ ಕಣೇ. ಅವನ ದನಿ ಹಂಗಿರ್ಲಿಲ್ಲ."