ಖಣದ ಹಾಯಿ

"ಮುಟ್ಟಬ್ಯಾಡ್ರಿ ಅದನ್ನ! ಮನ್ಯಾಗ ಬಸರಿ ಹೆಣ್ಮಗಳು ಇದ್ದಾಗಂತೂ ಬ್ಯಾಡೇ ಬ್ಯಾಡ್ರಿ."

ಚಂದ್ರಕಾಂತ ಕಾಕಾ ಏಣಿಯ ಬುಡದಲ್ಲಿ ನಿಂತು ಎರಡೂ ಕೈ ಮೇಲೆತ್ತಿ ಹೇಳಿದರು. ಏಣಿಯ ಮೇಲಿದ್ದ ಸುಮಂತನಿಗೆ ಕೇಳಿಸಲಿಲ್ಲವೆಂದಲ್ಲ. ಕೇಳಿಸಿಕೊಂಡೇ ಅವನು ಅಟ್ಟದ ಮೂಲೆಯಿಂದ ಆ ಪೆಟ್ಟಿಗೆಯನ್ನು ದರದರ ಎಳೆದ. ಇಪ್ಪತ್ತು ವರ್ಷದ ಧೂಳು ಅವನ ಮುಖದ ಮೇಲೆ ಸುರಿಯಿತು. ಇಲಿಪಿಚ್ಚೆ, ಒಣಗಿದ ಗೋಂದು, ಹಳೇ ರಟ್ಟಿನ ನಾತ. ಅದೆಲ್ಲದರ ಅಡಿಯಲ್ಲಿ ಹಸಿ ರಕ್ತದಂಥ ಇನ್ನೊಂದು ವಾಸನೆ. ಸುಮಂತ ಎರಡು ಸಲ ಸೀನಿ ನಕ್ಕುಬಿಟ್ಟ.

ಮೈಸೂರಿನ ಈ ಹುಡುಗ ನಾರಾಯಣಗೂಡದ ಕೋಚಿಂಗ್ ಸೆಂಟರಿಗೆ ಫಿಸಿಕ್ಸ್ ಮೇಷ್ಟ್ರಾಗಿ ಬಂದು ಎರಡು ವರ್ಷವಾಗಿತ್ತು. ಹೆಂಡತಿ ಶರ್ವರಿ ಇದೇ ಓಣಿಯಲ್ಲಿ ಬೆಳೆದವಳು. ಅಪ್ಪ-ಅಮ್ಮ ಇಲ್ಲದ ಅವಳನ್ನು ಸಾಕಿದವರು ನೀರಾವರಿ ಇಲಾಖೆಯಲ್ಲಿ ನಕ್ಷೆ ಬರೆದು ನಿವೃತ್ತರಾದ ಈ ಕಾಕಾ. ಮೊನ್ನೆ ಅವಳ ಕುಬಸ ಇದೇ ಮನೆಯಲ್ಲಿ ನಡೆದಿತ್ತು. ಓಣಿಯ ಮುತ್ತೈದೆಯರೆಲ್ಲ ಬಂದು ಏಳು ತಿಂಗಳ ಬಸುರಿಗೆ ಉಡಿ ತುಂಬಿ, ಹಸಿರು ಬಳೆ ತೊಡಿಸಿ, ಹೊಟ್ಟೆ ತುಂಬ ಉಂಡು ಹರಸಿ ಹೋಗಿದ್ದರು. ಹೆರಿಗೆಯಾಗುವ ತನಕ ಗಂಡ ಹೆಂಡತಿ ಇಬ್ಬರೂ ಕಾಕಾನ ಮನೆಯಲ್ಲೇ ಇರುವುದೆಂದು ಮಾತಾಗಿತ್ತು.

ಪೆಟ್ಟಿಗೆಯಲ್ಲಿದ್ದದ್ದು ಮರದ ಹಾಯಿಹಡಗು. ವಿದೇಶದಿಂದ ತರಿಸಿದ ಕಿಟ್. ಪಕ್ಕೆಲುಬುಗಳಿಗೆ ನಂಬರು, ಪಟ್ಟಿಗಳಿಗೆ ನಂಬರು, ಜೊತೆಗೊಂದು ದಪ್ಪ ಪುಸ್ತಕ. ಕಾಕಾನ ತಮ್ಮ ಮಿಲಿಂದ ಮುಕ್ಕಾಲು ಭಾಗ ಕಟ್ಟಿದ್ದ. ಒಡಲಿನ ಒಂದು ಮಗ್ಗುಲಲ್ಲಿ ಮಾತ್ರ ಪಟ್ಟಿ ಇಲ್ಲದೆ ಪಕ್ಕೆಲುಬುಗಳು ಬರಿದಾಗಿ ಕಾಣುತ್ತಿದ್ದವು.

"ಮಿಲಿಂದ ಒಂದು ಹುಡಿಗಿಗೆ ಮಾತು ಕೊಟ್ಟು ಕೈಬಿಟ್ಟಿದ್ದ," ಕಾಕಾ ದನಿ ತಗ್ಗಿಸಿದರು. "ಅಕೀ ತಾಯಿ ಇದಕ್ಕ ಮಾಟ ಮಾಡಿಸಿದಳು. ಹಾಯಿ ಯಾರ ಅರಿವಿ-ಬಟ್ಟೀದೋ, ಹಡಗಿಗೆ ಹೊಡದ ಮೊಳಿ ಅವರ ಮೈಯಾಗ ಇಳೀತಾವ. ಮಿಲಿಂದ ಹೇಣ್ತಿ ಸೀರಿ ಹರದು ಹಾಯಿ ಕಟ್ಟಿದ್ದ; ಅಕೀ, ನಮ್ಮ ಅಮಿತಾ, ಬಸರಿ ಇದ್ದಾಗ ಎಂಟನೇ ತಿಂಗಳದಾಗ ಹೋದಳು. ನಾ ಆ ಹಾಯಿ ಸುಟ್ಟು, ಇದನ್ನ ಮೂಸಿ ಹೊಳ್ಯಾಗ ಬಿಟ್ಟು ಬಂದೆ. ಮರುದಿನ ಅಟ್ಟದ ಮ್ಯಾಲೇ ಇತ್ತು."

"ಈಜಿಕೊಂಡು ಬಂತೇನು ಕಾಕಾ? ಹಡಗಲ್ವಾ, ಬಂದೇ ಬರುತ್ತೆ ಬಿಡಿ!"

ಕಾಕಾ ನಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಶರ್ವರಿಯೂ ನಗಲಿಲ್ಲ. "ಬಿಡ್ರಿ ಅದನ್ನ, ಹಿರ್‍ಯಾರು ಹೇಳಾಕತ್ತಾರ," ಎಂದಳು. ಹೆಂಡತಿ ಹೇಳಿದ ಮೇಲಾದರೂ ಬಿಡಬಾರದೆ? ಇಲ್ಲ, ನಮ್ಮ ಮೇಷ್ಟ್ರಿಗೆ ಹಟ ಹತ್ತಿತು. ಇಂಥ ಕಂತೆಪುರಾಣಗಳನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ.

ಸೆಂಟರಿಗೆ ಬೇಸಿಗೆ ರಜೆ. ನಡುಮನೆಯ ಪಕ್ಕದ ಕೋಣೆಯೇ ಅವನ ಕಾರ್ಖಾನೆಯಾಯಿತು. ಮೇ ತಿಂಗಳ ಬಿಸಿಲು ಒಳಗೆ ಬರಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿ, ಒಂದು ಮೇಜುದೀಪ ಹಚ್ಚಿಕೊಂಡು ಕೂರುತ್ತಿದ್ದ. ಕೂಲರಿನ ಒದ್ದೆ ಲಾವಂಚದ ವಾಸನೆಗೆ ಗೋಂದಿನ ಘಾಟು ಬೆರೆತು ಗಂಟಲು ಹಿಡಿಯುತ್ತಿತ್ತು. ಪಟ್ಟಿಗಳನ್ನು ನೀರಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಬಾಗಿಸಿ, ಪಕ್ಕೆಲುಬಿಗೆ ಒತ್ತಿ ಕಟ್ಟಿ ಒಣಗಲು ಬಿಟ್ಟ. ಇನ್ನು ಗುಂಡುಸೂಜಿಯಷ್ಟು ಸಣ್ಣ ಹಿತ್ತಾಳೆ ಮೊಳೆ ಬಡಿಯುವುದೊಂದೇ ಬಾಕಿ.

ಕಿಟ್ಟಿನ ಹಾಯಿಬಟ್ಟೆ ಹುಳು ತಿಂದು ಜಾಲರಿಯಾಗಿತ್ತು. ಒಡಲು ಮುಗಿದ ಮೇಲೆ ಹಾಯಿ ಎಂದು ಪುಸ್ತಕ ಹೇಳುತ್ತಿತ್ತು. ಸುಮಂತ ಪುಸ್ತಕವನ್ನು ಮುಚ್ಚಿಟ್ಟ. ಬೀರು ತೆಗೆದ. ಕುಬಸದಲ್ಲಿ ಶರ್ವರಿಯ ಉಡಿಗೆ ಬಿದ್ದಿದ್ದ ಖಣಗಳು ಅಲ್ಲಿದ್ದವು. ಅವುಗಳಲ್ಲೊಂದು ಹಸಿರು ಖಣಕ್ಕೆ ಇನ್ನೂ ಅರಿಶಿನ, ಅಕ್ಕಿಕಾಳು ಅಂಟಿಕೊಂಡಿದ್ದವು. ಮೈಸೂರಿನವನ ಕಣ್ಣಿಗೆ ಅದೊಂದು ಬ್ಲೌಸ್ ಪೀಸು, ಅಷ್ಟೇ. ಉಡಿಗೆ ಬಿದ್ದದ್ದನ್ನು ಬಸುರಿಯೇ ತೊಡಬೇಕು, ಅದಕ್ಕೆ ಬೇರೆಯವರು ಕತ್ತರಿ ಹಾಕಬಾರದು ಎಂದು ಅವನಿಗೆ ಹೇಳಿಕೊಟ್ಟವರಿಲ್ಲ. ಹೇಳಿದ್ದರೂ ಕೇಳುತ್ತಿರಲಿಲ್ಲ, ಆ ಮಾತು ಬೇರೆ. 'ಹಾಯಿ ಅವಳ ಬಟ್ಟೆಯದೇ ಇರಲಿ, ಮೊಳೇನೂ ಹೊಡೀತೀನಿ. ಪ್ರಯೋಗ ಮಾಡಿ ತೋರಿಸಿದ ಮೇಲೆ ಕಾಕಾ ಬಾಯಿ ಮುಚ್ಚಲೇಬೇಕು,' ಎಂದುಕೊಂಡು ಖಣ ಕತ್ತರಿಸಿದ. ಹಾಯಿ ಕಟ್ಟಿದ. ಗಾಳಿಯಿಲ್ಲದ ಕಡೆಯೂ ಅದು ಮೆಲ್ಲಗೆ ಉಬ್ಬಿ ನಿಂತಿತು.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಮೊದಲನೇ ಮೊಳೆ ಇಟ್ಟು ಸುತ್ತಿಗೆಯಿಂದ ಟಕ್ಕೆಂದು ಬಡಿದ.

"ಅವ್ವಾ!" ಒಳಗಿಂದ ಶರ್ವರಿಯ ದನಿ.

ಹೋಗಿ ನೋಡಿದ. ಮುಂಗೈ ಹಿಡಿದು ಕೂತಿದ್ದಳು. ಒಂದು ಕೆಂಪು ಚುಕ್ಕೆ, ಅದರಿಂದ ಒಂದು ಹನಿ ರಕ್ತ.

"ಏನೋ ಕಚ್ಚಿದೆ ಕಣೇ."

"ಕಚ್ಚಿದ್ದಲ್ರಿ, ಚುಚ್ಚಿತು. ಒಳಗ ಎಲುಬಿನ ತನಕ ಹೋತು. ಬ್ಯಾಡ್ರಿ, ಇವತ್ತು ಬಿಟ್ಟುಬಿಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಅವಳ ಹಣೆಗೊಂದು ಮುತ್ತಿಟ್ಟು ವಾಪಸು ಬಂದ. ಯಾರೂ ಕಾಟ ಕೊಡಬಾರದೆಂದು ಬಾಗಿಲಿಗೆ ಚಿಲಕ ಹಾಕಿದ. ಕೂಲರನ್ನು ಜೋರು ಮಾಡಿದ. ಆ ಹಳೇ ಕೂಲರು ಓಡಿದರೆ ಪಕ್ಕದಲ್ಲಿ ಮದುವೆ ಓಲಗವಾದರೂ ಕೇಳಿಸದು. ಎರಡು. ಮೂರು. ನಾಲ್ಕು. ಮೊಳೆಗಳು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದವು. ಐದು. ಆರು. ಮರ ಬೆಚ್ಚಗಿದೆ ಎನ್ನಿಸಿತು. ಏಳು. ಒಡಲಿನ ನಟ್ಟನಡುವೆ, ಉಬ್ಬಿದ ಜಾಗದಲ್ಲಿ, ಎಂಟನೆಯದು. ಅದೊಂದು ಸ್ವಲ್ಪ ಬಿಗಿಯಿತ್ತು. ಎರಡು ಪೆಟ್ಟು ಹಾಕಿದ.

ಕರೆಂಟ್ ಹೋಯಿತು.

ಕೂಲರು ಗೊರ್ರನೆ ನಿಂತಿತು. ಆಗ ಕೇಳಿಸಿತು. ಬಾಗಿಲು ಬಡಿಯುತ್ತಿದ್ದರು. ಎಷ್ಟು ಹೊತ್ತಿನಿಂದಲೋ ಬಡಿಯುತ್ತಿದ್ದರು. "ನಿಲ್ಲಸ್ರೀ! ಕೊಂದಬಿಟ್ರೀ! ನಿಲ್ಲಸ್ರೀ!" ಎಂದು ಕಾಕಾ. ಅದಕ್ಕಿಂತ ಮೇಲೆ, ಮನುಷ್ಯರ ಗಂಟಲಿನದಲ್ಲ ಎನ್ನುವಂಥ ಒಂದು ಕೂಗು.

ಚಿಲಕ ತೆಗೆದ. ಕತ್ತಲ ನಡುಮನೆಯ ನೆಲ ಕಾಲಿಗೆ ಜಾರಿತು. ರಕ್ತ! ಶರ್ವರಿ ಗೋಡೆಗೊರಗಿ ಬಿದ್ದಿದ್ದಳು. ಮುಂಗೈ, ಮೊಣಕೈ, ತೋಳು, ಹೆಗಲು, ಪಕ್ಕೆ. ಅಳತೆಪಟ್ಟಿ ಇಟ್ಟು ಗುರುತು ಹಾಕಿದಂತೆ ಸಮ ಅಂತರದಲ್ಲಿ ಒಂದೊಂದು ತೂತು. ಪ್ರತಿ ತೂತಿನಿಂದಲೂ ಬುಳುಬುಳು ರಕ್ತ. ಎಂಟನೆಯದು ಹೊಟ್ಟೆಯ ಮೇಲೆ.

ಸುಮಂತ ಆಂಬ್ಯುಲೆನ್ಸಿಗೆ ಫೋನು ಮಾಡಿದ. ಇಪ್ಪತ್ತು ನಿಮಿಷ ಎಂದರು. ಇಕ್ಕಳ ಹಿಡಿದು ಹಡಗಿನತ್ತ ಓಡಿದ. ಮೊದಲನೇ ಮೊಳೆ ಕಚ್ಚಿ ಎಳೆದ. ಹೊರಗೆ ಅವಳು ಚೀರಿದಳು. ಮೊಳೆಯ ತುದಿಯಲ್ಲಿ ಮಾಂಸದ ಎಳೆ ನೇತಾಡುತ್ತಿತ್ತು. ಅಯ್ಯೋ ದೇವರೇ, ಅವಳ ಮುಂಗೈ ಉದ್ದಕ್ಕೂ ಸೀಳಿ ಬಿಳಿ ಎಲುಬು ಕಾಣುತ್ತಿತ್ತು!

"ಕೀಳಬ್ಯಾಡ್ರಿ!" ಕಾಕಾ ಅವನ ಕೈ ಹಿಡಿದು ಅತ್ತರು. "ದವಾಖಾನ್ಯಾಗ ಹೊಲಿಗಿ ನಿಲ್ಲೂದಿಲ್ಲ, ಅಮಿತಾಗ ನೋಡೇನಿ. ಒಂದೇ ದಾರಿ ಐತಿ. ನಿಮ್ಮ ಅಂಗಿ ಹಡಗಿಗೆ ಕಟ್ರಿ. ಇನ್ನೊಂದು ಮಗ್ಗಲಿಗೆ ಅಷ್ಟೇ ಮೊಳಿ ಹೊಡೀಬೇಕು. ಗಾಯ ಯಾರ ಮೈಯಾಗ ಐತೋ ಅವರ ಕೈಲೇನ ಹೊಡೀಬೇಕು. ಒಂದಕ್ಕ ಒಂದು ನಿಮ್ಮ ಮೈಗೆ ಬರ್ತಾವ."

"ಮಿಲಿಂದ ಯಾಕೆ ಮಾಡಲಿಲ್ಲ?"

"ಅಂಗಿ ಕೊಡಲಿಲ್ರಿ. ಓಡಿ ಹೋದ."

ಸುಮಂತ ಅಂಗಿಯನ್ನು ಗುಂಡಿ ಸಮೇತ ಕಿತ್ತು ಖಣದ ಮೇಲೆ ಬಿಗಿದು ಕಟ್ಟಿದ. ಹಡಗನ್ನು ತಂದು ಹೆಂಡತಿಯ ಮುಂದಿಟ್ಟ. ಸುತ್ತಿಗೆಯನ್ನು ಅವಳ ಗಾಯವಿಲ್ಲದ ಕೈಗೆ ಕೊಟ್ಟ. ಕಾಕಾ ಮೊಳೆ ಹಿಡಿದರು.

"ನನ್ನ ಕೈಲೆ ಆಗೂದಿಲ್ರಿ."

"ಮಗೂಗೋಸ್ಕರ ಹೊಡಿ ಶರ್ವರಿ. ನಾನು ತಡ್ಕೋತೀನಿ."

ಟಕ್. ಅವನ ಮುಂಗೈ ಉದ್ದಕ್ಕೂ ಬಿರಿಯಿತು. ಕಾದ ಸಲಾಕೆ ಎಳೆದಂಥ ಉರಿ. ಅವಳ ಕೈಯ ಸೀಳು ಕಣ್ಣೆದುರೇ ಕೂಡಿಕೊಂಡಿತು. ಟಕ್. ಮೊಣಕೈ. ಅವನು ನಾಲಿಗೆ ಕಚ್ಚಿಕೊಂಡ, ಬಾಯಿತುಂಬ ರಕ್ತ. ಟಕ್. ತೋಳು. ಟಕ್. ಹೆಗಲು. ನೆಲಕ್ಕೆ ಬಿದ್ದ. ಬಿದ್ದಲ್ಲಿಂದಲೇ "ನಿಲ್ಲಿಸಬೇಡ" ಎಂದು ಕಿರುಚಿದ. ಪಕ್ಕೆಯೊಳಗೆ ಐದು ಇಳಿಯಿತು. ಆರು ಇಳಿಯಿತು. ಉಸಿರಿನ ಜೊತೆ ನೊರೆ ಬಂತು. ಏಳು.

ಶರ್ವರಿಯ ಮೈಮೇಲೆ ಹೊಟ್ಟೆಯದೊಂದೇ ತೂತು ಉಳಿದಿತ್ತು.

"ಇನ್ನೊಂದೇ ಇನ್ನೊಂದು," ಸುಮಂತ ಹೇಳಿದ. ಕಣ್ಣು ಮುಚ್ಚಿ ಹೊಟ್ಟೆ ಬಿಗಿಹಿಡಿದ. "ಹೊಡಿ."

ಟಕ್ ಎಂದಿತು. ಕಾದ. ಏನೂ ಆಗಲಿಲ್ಲ.

"ಹೊಡಿಯೇ!"

"ಹೊಡದೇನ್ರಿ."

ಕಣ್ಣು ಬಿಟ್ಟ. ಮೊಳೆ ಹಡಗಿನಲ್ಲಿ ಪೂರ್ತಿ ಇಳಿದಿತ್ತು. ಅವನ ಹೊಟ್ಟೆಯ ಮೇಲೆ ಒಂದು ಗೀರೂ ಇಲ್ಲ. ಅವಳ ಹೊಟ್ಟೆಯಿಂದ ರಕ್ತ ಹಾಗೆಯೇ ಹರಿಯುತ್ತಿತ್ತು. ಶರ್ವರಿ ಇನ್ನೊಂದು ಮೊಳೆ ಹೊಡೆದಳು. ಮತ್ತೊಂದು ಹೊಡೆದಳು. ಅವನಿಗೆ ಏನೂ ಆಗಲಿಲ್ಲ.

ಕಾಕಾ ಮೊಳೆಯ ಡಬ್ಬಿ ಕೆಳಗಿಟ್ಟುಬಿಟ್ಟರು. "ಅದು ನಿನಗ ಬಿದ್ದ ಮೊಳಿ ಅಲ್ಲವ್ವ ಶರೂ," ಎಂದರು. "ಕೂಸಿಗೆ ಬಿದ್ದೈತಿ. ಅದರ ಕೈಲೇನ ಹೊಡಸಬೇಕಲ್ಲ... ಎಲ್ಲಿಂದ ತರೂದು ಆ ಕೈ?"

ಶರ್ವರಿ ಎರಡೂ ಅಂಗೈ ಹೊಟ್ಟೆಯ ಮೇಲೊತ್ತಿ ಅಲುಗಾಡದೆ ಕೂತಳು. ಬೆಳಿಗ್ಗೆಯೆಲ್ಲ ಒದೆಯುತ್ತಿದ್ದ ಕೂಸು. ಸುಮಂತ ಅವಳ ಮುಖ ನೋಡಬಾರದಿತ್ತು, ನೋಡಿದ. ತೆವಳಿಕೊಂಡು ಬಂದು ಸುತ್ತಿಗೆಯನ್ನು ಮತ್ತೆ ಅವಳ ಕೈಗೆ ತುರುಕಿದ. ಬನಿಯನ್ ಹರಿದು ಗಾಯವಿಲ್ಲದ ಹೊಟ್ಟೆಯನ್ನು ಅವಳ ಮುಂದೆ ತೆರೆದಿಟ್ಟ.

"ಇನ್ನೊಂದು ಸಲ ಹೊಡಿ ಶರ್ವರಿ. ಈ ಸಲ ನನಗೆ ಬೀಳುತ್ತೆ. ಹೊಡಿಯೇ, ನಿನ್ನ ದಮ್ಮಯ್ಯ, ಇನ್ನೊಂದೇ ಒಂದು ಸಲ."