ಬಿ ಬೋರ್ಡಿನ ಎರಡನೇ ಚಿಪ್

ಕೌಂಟರಿನ ಮೇಲೆ ಕರವಸ್ತ್ರ ಹಾಸಿ ಅದರ ಮೇಲೆ ಕಾರ್ಟ್ರಿಡ್ಜ್ ಇಟ್ಟವನ ಮುಖ ನೋಡಿ ಅವಳಿಗೆ ನಗು ಬಂತು. ಹೆರಿಗೆ ವಾರ್ಡಿನಿಂದ ಮಗು ಎತ್ತಿಕೊಂಡು ಬರುವ ಅಪ್ಪಂದಿರಿಗೂ ಅಷ್ಟು ಜಂಬ ಇರುವುದಿಲ್ಲ.

"ಮೆಲ್ಲಗೆ ನೋಡಿ ಡಾಕ್ಟ್ರೇ," ಎಂದ.

ಅಣ್ಣನ ಅಂಗಡಿಯಲ್ಲಿ ಸತ್ತುಹೋದ ಹಳೆಯ ಗೇಮ್ ಕನ್ಸೋಲ್‌ಗಳಿಗೆ ಜೀವ ಬರಿಸುವವಳು ಅವಳು. ಡಾಕ್ಟ್ರು ಎಂಬ ಹೆಸರಿಟ್ಟವನು ಇವನೇ. ಇವನಿಗೆ ಅವಳಿಟ್ಟ ಹೆಸರು 'ಪಟ್ಟಿಯವರು'. ಹೊಟ್ಟೆಪಾಡಿಗೆ ಗ್ರಂಥಾಲಯದ ಕೆಲಸ, ಉಳಿದದ್ದೆಲ್ಲ ಹುಚ್ಚು. ಕನ್ಸೋಲಿಗೆ ಸಿಕ್ಕಿಸಿದರೆ ಅದರ ಮೆಮೊರಿ ಹೆಚ್ಚಿಸುವ ಕಾರ್ಟ್ರಿಡ್ಜ್‌ಗಳನ್ನು ಕಂಪನಿ ಎಷ್ಟು ಸಲ ಬದಲಿಸಿ ತಯಾರಿಸಿತು, ಯಾವ ಆವೃತ್ತಿಯಲ್ಲಿ ಏನು ಬದಲಾಯಿತು ಎಂದು ಹನ್ನೊಂದು ವರ್ಷದಿಂದ ಪಟ್ಟಿ ಮಾಡುತ್ತಿದ್ದ. ಆರು ತಿಂಗಳಿಂದ ಪ್ರತಿ ಶನಿವಾರ ಅಂಗಡಿಗೆ ಬರುತ್ತಿದ್ದ. ರಿಪೇರಿಗೆ ತರುವ ಸಾಮಾನು ಎಂದೋ ಮುಗಿದಿತ್ತು, ಬರುವುದು ಮುಗಿದಿರಲಿಲ್ಲ.

"ಹೊರಗಿನ ಸ್ಟಿಕ್ಕರ್ ನಂಬಬೇಡಿ ಅಂತ ನೀವೇ ತಾನೆ ಹೇಳ್ಕೊಟ್ಟಿದ್ದು? ಅದಕ್ಕೇ ಬಿಚ್ಚಿದೆ. ಬೋರ್ಡಿನ ಮೂಲೇಲಿ ಯಾವ ಅಕ್ಷರ ಇದೆ, ಓದಿ."

"ಬಿ."

"ಚಿಪ್ ಎಷ್ಟಿದೆ?"

ಮೊದಲು ಬಂದ 'ಎ' ಬೋರ್ಡಿನಲ್ಲಿ ಎರಡು ಚಿಪ್. 'ಬಿ' ಬರುವ ಹೊತ್ತಿಗೆ ದೊಡ್ಡದೊಂದೇ ಸಾಕಾಯಿತು, ಎರಡನೆಯದರ ಜಾಗ ಬರಿದಾಗಿ ಉಳಿಯಿತು. ಈ ಹುಚ್ಚಿನವರಿಗೆ ಇದು ಒಂದರ ಮಗ್ಗಿ.

"ಎರಡು," ಎಂದಳು, ನಿಧಾನವಾಗಿ.

"ಎ-ಗೂ ಬಿ-ಗೂ ನಡುವೆ ಯಾರೂ ಕಾಣದ ಒಂದು ತಲೆಮಾರು ಇದು. ಬೇರೆಯವರು ಹೇಳಿದ್ದನ್ನ ಬರ್ಕೊಂಡೇ ಇಷ್ಟು ವರ್ಷ ಕಳೆದೆ. ಇದೊಂದು ನಾನಾಗಿ ಕಂಡದ್ದು. ನಾಳೆ ಸಂಗ್ರಹಕಾರರ ಸಭೇಲಿ ತೋರಿಸ್ತೀನಿ. ನೀವೂ ಬರ್ಬೇಕು."

ಅವಳು ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದಳು. ನಗು ತುಟಿಯಲ್ಲೇ ಆರಿತು. ಎರಡನೇ ಚಿಪ್ಪಿನ ಕಾಲುಗಳ ಬೆಸುಗೆಯೆಲ್ಲ ಒಂದೇ ಕಡೆಗೆ, ಎಡಗೈ ಬರಹದ ಅಕ್ಷರಗಳಂತೆ ವಾಲಿತ್ತು. ಕರೆಂಟ್ ಹೋಗಬೇಕಾದ ಕೊನೆಯ ಕಾಲಿಗೆ ಬೆಸುಗೆಯೇ ಇರಲಿಲ್ಲ.

"ಯಾಕೆ, ಮುಖ ಸಪ್ಪಗಾಯ್ತು?"

"ಧೂಳು," ಎಂದು ಕಣ್ಣುಜ್ಜಿಕೊಂಡಳು.

ಅವನು ಹೋದ ಮೇಲೆ ಅಣ್ಣನ ಮುಂದೆ ನಿಂತಳು. "ಆ ಚಿಪ್ ನಾನು ಕೂರಿಸಿದ್ದು ಅಣ್ಣ. ಹದಿನೇಳು ವರ್ಷದವಳಿದ್ದಾಗ ಬೆಸುಗೆ ಕಲೀತಾ, ಸುಟ್ಟುಹೋದ ಚಿಪ್ಪೊಂದನ್ನ ಖಾಲಿ ಜಾಗಕ್ಕೆ ಅಂಟಿಸ್ತಿದ್ದೆ. ಕೊನೇ ಕಾಲು ಬಾಕಿ ಇರುವಾಗ ನೀನು ಊಟಕ್ಕೆ ಕರೆದೆ. ನಾನು ವಾಪಸ್ ಬರೋಷ್ಟರಲ್ಲಿ ನೀನದನ್ನ ಮಾರಿಬಿಟ್ಟಿದ್ದೆ."

ಅಣ್ಣ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಯಾರ ಹತ್ರಾನೂ ಉಸಿರೆತ್ತಬೇಡ. ನಮ್ಮಂಗಡಿ ಮಾಲಲ್ಲಿ ಕಲಬೆರಕೆ ಅಂತ ಆದ್ರೆ ಯಾರು ಬರ್ತಾರೆ? ಅವನಿಗೂ ಸಂತೋಷ, ನಮಗೂ ಕ್ಷೇಮ. ನಿಂಗೇನು ಕಷ್ಟ?"

"ಸುಳ್ಳಿನ ಪಕ್ಕ ಅವರ ಹೆಸರಿರುತ್ತೆ. ಅದೇ ಕಷ್ಟ."

"ಅವನ ಹೆಸರಿನ ಮೇಲೆ ನಿಂಗ್ಯಾಕಮ್ಮ ಅಷ್ಟು ಕಾಳಜಿ?"

ಆ ಪ್ರಶ್ನೆಗೆ ಅವಳ ಕಿವಿ ಬಿಸಿಯಾಯಿತು.

"ನಾಳೆ ಆ ಕಡೆ ತಲೆ ಹಾಕಿಯೂ ಮಲಗಕೂಡದು," ಎಂದ ಅಣ್ಣ.

"ಹೋಗ್ತೀನಿ. ಬೈಯೋದಿದ್ರೆ ಈಗಲೇ ಬೈದುಬಿಡು. ಬಂದ್ಮೇಲೆ ನಂಗೆ ಸುಸ್ತಾಗಿರುತ್ತೆ."

ಭಾನುವಾರ ಬೆಳಿಗ್ಗೆ ಸಭಾಂಗಣದ ಮೆಟ್ಟಿಲ ಮೇಲೆ ಅವನನ್ನು ತಡೆದಳು. ಹೊಸದಾಗಿ ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕಾರ್ಟ್ರಿಡ್ಜ್. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಒಬ್ಬರ ಹನ್ನೊಂದು ವರ್ಷವನ್ನು ಮುರಿಯುವಾಗ ಎದುರಿಗೆ ನಿಂತಿರಬೇಕು ಎಂದು ಅವಳಿಗೆ ಅನ್ನಿಸಿತ್ತು. ನಿಂತಳು, ಒಂದೂ ಬಿಡದೆ ಹೇಳಿದಳು.

ಅವನು ಬೋರ್ಡನ್ನು ಬೆಳಕಿಗೆ ಹಿಡಿದು ಬೆಸುಗೆಯಿಲ್ಲದ ಆ ಕೊನೆಯ ಕಾಲನ್ನು ನೋಡಿದ. "ನಿನ್ನೆಯೇ ಗೊತ್ತಾಗಿತ್ತಾ?"

"ಹೂಂ."

"ಧೂಳು ಅಂದ್ರಿ."

"ಹೆದರಿದ್ದೆ."

"ಯಾವುದಕ್ಕೆ?"

"ಮುಂದಿನ ಶನಿವಾರಕ್ಕೆ."

ಅವನ ರೆಪ್ಪೆ ಒಮ್ಮೆ ಅಲುಗಿತು. ಕಾರ್ಟ್ರಿಡ್ಜ್ ಹಿಡಿದು ಒಳಗೆ ಹೋದ.

ಎಪ್ಪತ್ತೆಂಬತ್ತು ಕುರ್ಚಿಗಳು ತುಂಬಿದ್ದವು. ಅವನು ಮೈಕ್ ಹಿಡಿದು, "ಇವತ್ತು ತೋರಿಸ್ಬೇಕಿದ್ದ ಹೊಸ ಆವೃತ್ತಿ ಅಂತ ಒಂದು ಇಲ್ವೇ ಇಲ್ಲ. ನಾನು ತಪ್ಪು ಓದಿದ್ದೆ," ಎಂದ.

ಮುಂದಿನ ಸಾಲಿನಿಂದ ಸಭೆಯ ಅಧ್ಯಕ್ಷರು ಎದ್ದರು. "ನೀನು ಕಳಿಸಿದ ಫೋಟೋದಲ್ಲಿ ನಾನೇ ನೋಡಿದ್ದೀನಲ್ಲಪ್ಪ, ಅಪ್ಪಟ ಫ್ಯಾಕ್ಟರಿ ಕೆಲಸ. ಅಲ್ಲ ಅಂತ ಯಾರು ಹೇಳಿದ್ದು?"

"ಬೆಸೆದವರೇ."

ತಲೆಗಳೆಲ್ಲ ಅವಳತ್ತ ಹೊರಳಿದವು. ಅಧ್ಯಕ್ಷರು ನಕ್ಕರು. "ಈ ರಿಪೇರಿ ಅಂಗಡಿ ಹುಡುಗೀನಾ? ಆಗ ಎಷ್ಟಮ್ಮ ವಯಸ್ಸು?"

"ಹದಿನೇಳು," ಎಂದಳು.

"ಇಷ್ಟು ಅಚ್ಚುಕಟ್ಟಾಗಿ ಹದಿನೇಳಕ್ಕೆ ಯಾರಿಗೆ ಬರುತ್ತೆ? ಸುಮ್ನೆ ಕೂತ್ಕೋ."

ತಪ್ಪೊಪ್ಪಿಕೊಳ್ಳಲು ತಲೆ ತಗ್ಗಿಸಿ ಬಂದವಳು ತಲೆ ಎತ್ತಿದಳು. ತಪ್ಪು ತನ್ನದು, ಒಪ್ಪಿದಳು. ಆದರೆ ಆ ಕೈಕೆಲಸವೂ ತನ್ನದೇ. ಒಂದನ್ನು ಹೊರಿಸಿ ಇನ್ನೊಂದನ್ನು ಕಿತ್ತುಕೊಳ್ಳಲು ಇವರು ಯಾರು?

"ಹೊಗಳಿದ್ದಕ್ಕೆ ಥ್ಯಾಂಕ್ಸ್ ಸಾರ್," ಎಂದಳು. "ಪ್ಲಗ್ ಪಾಯಿಂಟ್ ಎಲ್ಲಿದೆ?"

ಚೀಲದಿಂದ ಸೋಲ್ಡರಿಂಗ್ ಐರನ್ ತೆಗೆದು ಎಡಗೈಯಲ್ಲಿ ಹಿಡಿದಳು. ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಅಣ್ಣ ಆಗ ಕಣ್ಣಿಗೆ ಬಿದ್ದ. ತಡೆಯಲು ಬಂದವನು ಅಲ್ಲೇ ನಿಂತುಬಿಟ್ಟಿದ್ದ. ಬೋರ್ಡನ್ನು ಹಿಡಿಯಲು ಇನ್ನೊಂದು ಜೊತೆ ಕೈ ಬೇಕಿತ್ತು. ಮೈಕ್ ಹಿಡಿದಿದ್ದವನೇ ಬಂದು, ಅದನ್ನು ಪಕ್ಕದಲ್ಲಿಟ್ಟು ಬೋರ್ಡು ಹಿಡಿದ. ಚಿಪ್ಪಿನ ಒಂದೊಂದೇ ಕಾಲಿನ ಬೆಸುಗೆ ಕರಗಿತು. ಹೊಗೆ ಇಬ್ಬರ ಹಣೆಗಳ ನಡುವೆ ಸುಳಿಯಿತು.

"ಬಿಡಿ, ಕೈ ಸುಡುತ್ತೆ," ಎಂದು ಪಿಸುಗುಟ್ಟಿದಳು.

"ಸುಡಲಿ. ನೀನು ತೆಗಿ."

ಪಕ್ಕದಲ್ಲಿದ್ದ ಮೈಕ್ ಆನ್ ಆಗಿಯೇ ಇತ್ತು. 'ನೀನು' ಎಂಬ ಮಾತು ಕೊನೆಯ ಸಾಲಿನವರೆಗೂ ಹೋಗಿ ಮುಟ್ಟಿತು.

ಚಿಪ್ ಕಳಚಿಕೊಂಡಿತು. ಕಾರ್ಟ್ರಿಡ್ಜನ್ನು ವೇದಿಕೆಯ ಮೇಲಿದ್ದ ಕನ್ಸೋಲಿಗೆ ಸಿಕ್ಕಿಸಿ ಸ್ವಿಚ್ ಹಾಕಿದಳು. ಎರಡನೇ ಚಿಪ್ ಇಲ್ಲದೆಯೂ ಪರದೆಯ ಮೇಲೆ ಮೆಮೊರಿಯ ಲೆಕ್ಕ ಪೂರ್ತಿ ಬಂತು, ಒಂದಂಕಿಯೂ ಕಡಿಮೆಯಿಲ್ಲದೆ. ಅಧ್ಯಕ್ಷರು ಕನ್ನಡಕ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು.

ಸಭೆ ಚದುರುವಾಗ ಅಣ್ಣ ಬಂದ. "ಅಂಗಡಿ ಮಾನ ಹೋಯ್ತು ಅಂದ್ಕೊಂಡೆ. ಮೂರು ಜನ ವಿಳಾಸ ಕೇಳಿದ್ರು. ಅದು ಹಾಳಾಗ್ಲಿ. ಅವನು ನಿಂಗೆ 'ನೀನು' ಅಂದ."

"ಕೇಳಿಸ್ತು."

"ಇಷ್ಟು ಜನರ ಮುಂದೆ. ಗಿರಾಕಿಗಳು ಹಾಗೆ ಮಾತಾಡ್ತಾರಾ?"

"ಇಲ್ಲ ಅಣ್ಣ. ಗಿರಾಕಿಗಳು ಹಾಗೆ ಮಾತಾಡಲ್ಲ."

ಅಷ್ಟರಲ್ಲಿ ಅವನೇ ಬಂದ, ಬೆರಳನ್ನು ಮಡಚಿ ಮರೆಸಿಕೊಂಡು. "ಕ್ಷಮಿಸಿ," ಎಂದ, ಯಾರಿಗೆಂದು ತಿಳಿಯದೆ ಇಬ್ಬರನ್ನೂ ನೋಡುತ್ತ. "ಬಾಯಿ ತಪ್ಪಿ..."

"ತಪ್ಪಿ ಬಂದಿದ್ರೆ ಈಗ ತಿದ್ಕೊಳ್ಳಿ, 'ನೀವು' ಅನ್ನಿ," ಎಂದಳು ಅವಳು. "ತಪ್ಪಲ್ಲ ಅಂದ್ರೆ ಅದನ್ನ ಅಣ್ಣನ ಮುಂದೆ ಹೇಳಿ. ಪಟ್ಟೀಲಿ ಅನುಮಾನದ ಗುರುತು ಹಾಕ್ತೀರಲ್ಲ, ಅದು ಇಲ್ಲಿ ನಡೆಯಲ್ಲ."

ಅವನು ಅಣ್ಣನನ್ನು ನೋಡಿದ. ನೆಲ ನೋಡಿದ. ಆಮೇಲೆ ಅವಳನ್ನು, ಕಣ್ಣು ಕದಲಿಸದೆ.

"ತಪ್ಪಲ್ಲ," ಎಂದ. "ಆರು ತಿಂಗಳಿಂದ ಮನಸ್ಸಲ್ಲಿ 'ನೀನು' ಅಂತಲೇ ಕರೀತಿದ್ದೆ. ಇವತ್ತು ಹೊರಗೆ ಬಂತು."

ಅಣ್ಣ ಗಂಟಲು ಸರಿಮಾಡಿಕೊಂಡ. "ಏನೇ, ನೀನೇನು ಹೇಳ್ತೀಯ?"

ಅವಳು ಅಣ್ಣನತ್ತ ತಿರುಗಲಿಲ್ಲ.

"ಕೈ ತೋರಿಸು," ಎಂದಳು ಅವನಿಗೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಎಷ್ಟು ಸುಟ್ಕೊಂಡಿದ್ದೀಯ ನೋಡ್ತೀನಿ."