ಪ್ರಾಜೆಕ್ಟಿನೊಳಗಿನ ಕೆಂಚಿ

ಹುಮನಾಬಾದ್ ಬಸ್ ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ದತ್ತಾತ್ರಿಯನ್ನು ಕಂಡು ಪೂನಂ ಮೂಗು ಮುರಿದಳು. ಅಶೋಕಕುಮಾರನ ಆ ಅಂಗಡಿಗೆ ಝೆರಾಕ್ಸ್ ಮಾಡಿಸಲು ಬರುವವರಿಗಿಂತ ರೆಡಿಮೇಡ್ ಪ್ರಾಜೆಕ್ಟ್ ಒಯ್ಯಲು ಬರುವ ಬಿಸಿಎ ಹುಡುಗರೇ ಹೆಚ್ಚು.

"ಏನೋ, ನಮ್ಮ ಪ್ರಾಜೆಕ್ಟನೂ ಇಲ್ಲೇ ಖರೀದಿ ಮಾಡಾಕತ್ತಿ?"

ಕಂಪ್ಯೂಟರಿನ ಮುಂದಿದ್ದ ದತ್ತಾತ್ರಿ ಗಡಬಡಿಸಿ ಎದ್ದ. "ಇಲ್ರಿ. ಸುಮ್ನ ಕುಂತಿದ್ದೆ."

"ಸುಮ್ನ ಕುಂದ್ರಾಕ ದುಬಲಗುಂಡಿಯಿಂದ ಬಸ್ ಹಿಡದು ಬಂದಿ? ಭಾಳ ಶಾಣ್ಯಾ ಇದ್ದಿ ಬಿಡು."

ಅವನು ತಲೆ ತಗ್ಗಿಸಿ ನಕ್ಕ. ಆ ನಗು ಅವಳಿಗೆ ಮೊದಲ ಸೆಮಿಸ್ಟರಿನಿಂದಲೂ ಆಗಿಬರುತ್ತಿರಲಿಲ್ಲ. ಬೈದರೆ ನಗುವವನನ್ನು ಬೈದು ಏನು ಸುಖ?

ಬಸವಕಲ್ಯಾಣದ ಬಟ್ಟೆ ವ್ಯಾಪಾರಿ ಗುರುನಾಥರ ಮಗಳು ಪೂನಂಗೆ ತನ್ನ ಡಿಗ್ರಿಯ ಮೇಲೆ ಎಳ್ಳಷ್ಟೂ ಗೌರವವಿರಲಿಲ್ಲ. ಬಿಸಿಎ ಮುಗಿಯಬೇಕಾದರೆ ಏನೇನು ಬೇಕು? ಹಾಜರಿ ಬೇಕು, ಅದನ್ನು ಗೆಳೆಯರು ಕೂಗುತ್ತಾರೆ. ಇಂಟರ್ನ್‌ಶಿಪ್ ಬೇಕು, ಅದರ ಸರ್ಟಿಫಿಕೇಟು ಸೋದರಮಾವನ ಆಫೀಸಿನಿಂದ ಬರುತ್ತದೆ. ಕೊನೆಗೆ ಇಬ್ಬಿಬ್ಬರು ಸೇರಿ ಒಂದು ಪ್ರಾಜೆಕ್ಟ್ ಮಾಡಬೇಕು. ಅರ್ಧ ಕ್ಲಾಸು ಗ್ರಂಥಾಲಯ ನಿರ್ವಹಣೆಯ ಪ್ರಾಜೆಕ್ಟ್ ಹಿಡಿದಿತ್ತು, ಕಾಲೇಜಿನ ಗ್ರಂಥಾಲಯದ ಬಾಗಿಲು ಯಾವ ದಿಕ್ಕಿಗಿದೆಯೆಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವಳಿಗಾದರೋ ಒಂದಾದರೂ ಪ್ರೋಗ್ರಾಂ ಸ್ವಂತ ಕೈಯಿಂದ ಬರೆದು ಪಾಸಾಗಬೇಕು, ಈ ವರ್ಷವೇ ಎಂಸಿಎ ಸೇರಬೇಕು ಎಂಬ ಹಟ. ರೋಲ್ ನಂಬರ್ ಪ್ರಕಾರ ಜೋಡಿ ಮಾಡಿದ ಸರ್ ಅವಳಿಗೆ ಗಂಟು ಹಾಕಿದ್ದು ಈ ಕುರಿ ಕಾಯುವವರ ಮನೆಯ ಮೌನಿಯನ್ನು.

ಅವಳು ಸ್ಕ್ರೀನಿನತ್ತ ಬಗ್ಗಿದಳು. ಕೋಡ್ ನೀಟಾಗಿತ್ತು. ಅದರೊಳಗೆ ಲೆಕ್ಕಗಳಿಗೆ ಇಟ್ಟ ಹೆಸರುಗಳು ಮಾತ್ರ ಕೆಂಚಿ, ಚಂದ್ರಿ, ಮೋಟ.

"ಇವೆಲ್ಲಾ ಯಾರೋ?"

"ನಮ್ಮ ಕುರಿಗಳ್ರಿ." ಅವನ ಕಿವಿ ಕೆಂಪಾದವು. "ಕೆಂಚಿ ಭಾಳ ಗಟ್ಟಿ. ಎಲ್ಲಾ ಕೂಡಿಸಿದ ಲೆಕ್ಕ ಆಕಿ ಕಡಿ ಇಟ್ಟಿನಿ. ಮೋಟ ಮರಿ, ಸುತ್ತೂದು ಬಿಟ್ರ ಅದಕ್ಕ ಬ್ಯಾರೆ ಕೆಲಸಿಲ್ಲ. ಲೂಪ್ ಅದಕ್ಕ ಕೊಟ್ಟಿನಿ. ಹಿಂಗ ಇಟ್ರ ನನಗ ಯಾವುದೂ ತಪ್ಪಂಗಿಲ್ರಿ."

ಒಳಗಿನಿಂದ ಅಶೋಕಕುಮಾರ ಗೊಳ್ಳೆಂದು ನಕ್ಕ. "ನಿಮ್ಮ ಕ್ಲಾಸಿನ ಪ್ರಾಜೆಕ್ಟೆಲ್ಲಾ ಇವನಽ ಬರದದ್ದು ತಂಗಿ! ಇವಗ ಲ್ಯಾಪ್‌ಟಾಪ್ ಇಲ್ಲ. ಕುಂದ್ರಾಕ ನಾ ಕಂಪ್ಯೂಟರ್ ಕೊಡ್ತೀನಿ, ಇಂವ ಬರದು ಕೊಡ್ತಾನ."

"ಥೂ!" ಎಂದಳು ಪೂನಂ. "ಓದೂದು ಬಿಟ್ಟು ಕಳ್ಳರಿಗೆ ಏಣಿ ಹಿಡಿಯಾಕತ್ತಿ. ನಾಚಿಕಿ ಬರಂಗಿಲ್ಲ?"

"ಬರ್ತದ್ರಿ," ಎಂದ ಅವನು. "ಕಲಿಯೂ ಆಸೆ ಅದಕ್ಕಿಂತ ಜಾಸ್ತಿ ಬರ್ತದ."

ಅವಳು ಇನ್ನಷ್ಟು ಸಿಟ್ಟಾಗಿ ಹೊರಗೆ ನಡೆದಳು.

ಮರುದಿನದಿಂದ ಅವಳೇ ತನ್ನ ಲ್ಯಾಪ್‌ಟಾಪ್ ತಂದು ಬಸವಕಲ್ಯಾಣದ ಕಾಲೇಜಿನ ಲ್ಯಾಬಿನಲ್ಲಿ ಅವನ ಮುಂದೆ ಕುಕ್ಕಿದಳು. ಬಸ್ಸು ಎಲ್ಲಿ ಕೆಟ್ಟು ನಿಂತಿದೆಯೆಂದು ಹಳ್ಳಿಯವರ ಮೊಬೈಲಿಗೆ ತಿಳಿಸುವ ಪ್ರೋಗ್ರಾಂ ಅವಳ ಯೋಚನೆ. ಅರ್ಧ ಅವಳು ಬರೆದಳು, ಅರ್ಧ ಅವನು; ಅವನು ಬರೆದದ್ದನ್ನು ಅವಳು ತಿದ್ದುತ್ತ ಹೋದಳು. ಒಂದೊಂದೇ ಕುರಿಯನ್ನು ಅಳಿಸಿ ಆ ಜಾಗದಲ್ಲಿ ಮರ್ಯಾದಸ್ಥ ಇಂಗ್ಲಿಷ್ ಹೆಸರು ಕೂರಿಸಿದಳು.

"ಕೆಂಚಿನ ಬಿಡ್ರಿ. ಪಾಪ, ಆಕಿ ನಿಮಗೇನು ಮಾಡ್ಯಾಳ?"

"ಪರೀಕ್ಷಕರ ಮುಂದ ಕುರಿ ಹಿಂಡು ನಿಲ್ಲಸ್ಲೇನು? ಸರಿ ಆ ಕಡಿ."

ಅವನು ಸರಿಯಲಿಲ್ಲ. ಕೀಬೋರ್ಡಿನ ಮೇಲೆ ಅವನ ಬೆರಳು ಅವಳ ಬೆರಳಿಗೆ ತಾಗಿತು. ಎತ್ತಿಕೊಳ್ಳಬೇಕಾದ ಕೈಯನ್ನು ಅವಳು ತುಸು ತಡವಾಗಿ ಎತ್ತಿಕೊಂಡಳು. ಓರೆಗಣ್ಣಲ್ಲಿ ನೋಡಿದರೆ ಅವನು ಸ್ಕ್ರೀನನ್ನೇ ನೋಡುತ್ತಿದ್ದ, ಆದರೆ ಕಿವಿ ಮತ್ತೆ ಕೆಂಪಾಗಿತ್ತು.

ಮನೆಯಲ್ಲಿ ಅವ್ವ ಸಂಗಮ್ಮ ರೊಟ್ಟಿ ಬಡಿಯುತ್ತ, "ಯಾಕ ನಗಾಕತ್ತಿ?" ಎಂದು ಕೇಳಿದಾಗ ಪೂನಂಗೆ ತನ್ನ ಮೇಲೇ ತಿರಸ್ಕಾರ ಬಂತು. ಕ್ಲಾಸಿಗೆಲ್ಲ ಪ್ರಾಜೆಕ್ಟ್ ಹಂಚುವ ದಡ್ಡನೊಬ್ಬನನ್ನು ನೆನೆದು ತಾನು ನಗುತ್ತಿದ್ದೆನೆಂದು ಹೇಗೆ ಹೇಳುವುದು?

ಪರೀಕ್ಷೆಯ ದಿನ ಬಂತು. ಹೊರಗಿನಿಂದ ಬಂದ ಪರೀಕ್ಷಕರಿಗೆ ಹೊಟ್ಟೆ ತುಂಬ ಊಟ ಹಾಕಿಸಿದರೆ ಪ್ರಶ್ನೆ ಕಡಿಮೆಯಾಗುತ್ತವೆ ಎಂಬುದು ಆ ಕಾಲೇಜಿನ ದೊಡ್ಡ ವಿದ್ಯೆ. ಈ ಸಲ ಬಂದ ಉಜ್ವಲಾ ಮೇಡಂ ಡಬ್ಬಿ ಕಟ್ಟಿಕೊಂಡು ಬಂದಿದ್ದರು. ಸಾಲದ್ದಕ್ಕೆ, ಯಾರೂ ತೆರೆಯದ ಕೋಡನ್ನೇ ತೆರೆದರು.

"ಶೈಲೇಶ, ಕೆಂಚಿ ಅಂದ್ರೆ ಏನು?"

ಶೈಲೇಶ ಬೆವರಿದ. "ಅದು... ಜಾವಾದ್ದು ಒಂದು ಲೈಬ್ರರಿ ಅದರಿ ಮೇಡಂ."

"ಮುಸ್ಕಾನ, ನಿನ್ನ ಪ್ರಾಜೆಕ್ಟಿನಲ್ಲೂ ಕೆಂಚಿ ಇದ್ದಾಳಲ್ಲ?"

"ಹೊಸ ವರ್ಷನ್‌ನ್ಯಾಗ ಬಂದಾಳ್ರಿ ಮೇಡಂ."

ಆರಿಫನಂತೂ ಕೆಂಚಿಯನ್ನು ಜಪಾನಿನ ವಿಜ್ಞಾನಿ ಮಾಡಿಬಿಟ್ಟ. ಮೇಡಂ ಲ್ಯಾಪ್‌ಟಾಪ್ ಪಟಕ್ಕನೆ ಮುಚ್ಚಿದರು. "ಇವನ್ನೆಲ್ಲ ಬರೆದವರು ಯಾರು? ಅವರ ಪ್ರಾಜೆಕ್ಟಿಗೂ ಇವತ್ತು ಅಂಕ ಇಲ್ಲ. ನೀವೆಲ್ಲ ಮುಂದಿನ ಸೆಮಿಸ್ಟರಿಗೆ ಹೊಸದಾಗಿ ಮಾಡಿ ತನ್ನಿ."

ಕೊಂಡವರು ನೆಲ ನೋಡುತ್ತ ನಿಂತರು. ಅಂಥವರ ಸಲುವಾಗಿ ಯಾರಾದರೂ ಬಾಯಿ ಬಿಡುತ್ತಾರೆಯೇ ಎಂದು ಪೂನಂ ಅಂದುಕೊಳ್ಳುತ್ತಿದ್ದಂತೆ ದತ್ತಾತ್ರಿ ಮುಂದೆ ಬಂದ.

"ನಾನ್ರೀ ಮೇಡಂ. ಕೆಂಚಿ ನಮ್ಮ ಕುರಿ." ಕೊಂಡವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಅವನು ನಗು ಮುಗಿಯುವತನಕ ಕಾದ. "ಆದ್ರ ಪೂನಂ ಅವರ ಪ್ರಾಜೆಕ್ಟ್ ಅವರೊಬ್ಬರಽ ಮಾಡ್ಯಾರ್ರಿ. ಜೋಡಿ ಅಂತ ನನ್ನ ಹೆಸರಿತ್ತು, ಅಷ್ಟಽ. ನಾ ಅದಕ್ಕ ಕೈ ಹಚ್ಚಿಲ್ಲ."

ಮೇಡಂ ಪೂನಂ ಕಡೆ ತಿರುಗಿದರು. "ಹೌದೇನಮ್ಮ? ಹೌದಾದರೆ ನೀನೊಬ್ಬಳು ಪಾಸು."

ಹೂಂ ಅಂದರೆ ಡಿಗ್ರಿ ಕೈಯಲ್ಲಿ, ಎಂಸಿಎ ಈ ವರ್ಷವೇ. ದತ್ತಾತ್ರಿ ಅವಳತ್ತ ನೋಡದೆ ಗೋಡೆ ನೋಡುತ್ತಿದ್ದ.

"ಇವಗ ಸುಳ್ಳು ಹೇಳಾಕೂ ಬರಂಗಿಲ್ರಿ ಮೇಡಂ," ಎಂದಳು ಪೂನಂ. ತನ್ನ ಲ್ಯಾಪ್‌ಟಾಪ್ ತೆರೆದು, ಕೋಡಿನ ಕೊಟ್ಟಕೊನೆಯ ಪುಟಕ್ಕೆ ಇಳಿಸಿ, ಅವರ ಮುಂದೆ ತಳ್ಳಿದಳು. "ಇಲ್ಲಿ ನೋಡ್ರಿ."

ಅಲ್ಲಿ ಕೆಂಚಿ ಇದ್ದಳು. ಎಲ್ಲ ಕುರಿಗಳನ್ನು ಓಡಿಸಿದ ಮೇಲೂ ಅವಳೊಬ್ಬಳನ್ನು ಅಳಿಸಲು ಪೂನಂಗೆ ಕೈ ಬಂದಿರಲಿಲ್ಲ. ದತ್ತಾತ್ರಿ ಆ ಸಾಲನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಕ್ಲಾಸಿನಲ್ಲಿ ಬೇರೆಯವರೂ ಇದ್ದಾರೆಂಬುದು ಅವನಿಗೆ ಮರೆತುಹೋದಂತಿತ್ತು.

ಸಂಜೆ ಬಸವಕಲ್ಯಾಣದ ಬಸ್ ಸ್ಟ್ಯಾಂಡಿನಲ್ಲಿ ಅವನು, "ಯಾಕ ಹಂಗ ಮಾಡಿದ್ರಿ? ಎಂಸಿಎ ಹೋತಲ್ರಿ," ಎಂದ.

"ಎಂಸಿಎ ಎಲ್ಲಿ ಓಡಿ ಹೋಗ್ತದ? ಮುಂದಿನ ವರ್ಷನೂ ಇರ್ತದ. ನೀ ಯಾಕ ಸುಳ್ಳು ಹೇಳಿದಿ, ಅದು ಹೇಳು."

"ನಿಮ್ಮ ಮ್ಯಾಲ ಜೀವ ಅದರಿ. ಭಾಳ ದಿನದಿಂದ ಅದರಿ."

ಅವಳ ಕಣ್ಣು ತುಂಬಿ ಬಂತು. ಅದನ್ನು ಮುಚ್ಚಲು ಇನ್ನಷ್ಟು ಗದರಿದಳು. "ಮಾತಿಗೊಮ್ಮೆ 'ರಿ' ಹಚ್ಚಿ ಯಾರರ ಪ್ರೀತಿ ಮಾಡ್ತಾರೇನೋ? ನನಗೂ ಅದ. ಈಗ ಆ ನಿನ್ನ ಕೆಂಚಿನ ತೋರಸು ನಡಿ. ಯಾರ ಸಲುವಾಗಿ ಫೇಲಾದೆ ಅಂತ ನಾ ನೋಡ್ಬೇಕು."

ಹುಮನಾಬಾದ್ ಬಸ್ಸು ಬಂತು. ದತ್ತಾತ್ರಿ ಗದ್ದಲದಲ್ಲಿ ನುಗ್ಗಿ ಕಿಟಕಿಯೊಳಗೆ ಕರ್ಚೀಫ್ ಎಸೆದು ಸೀಟು ಹಿಡಿದ. ಪೂನಂ ಹತ್ತಿ ನೋಡಿದರೆ ಕರ್ಚೀಫ್ ಒಬ್ಬರ ಜಾಗವನ್ನಷ್ಟೇ ಹಿಡಿದಿತ್ತು. ಅವನು ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದ, ಊರತನಕ ಹಾಗೆಯೇ ನಿಲ್ಲುವವನಂತೆ.

"ದಡ್ಡ," ಎಂದಳು ಪೂನಂ. ಕಿಟಕಿಗೆ ಒತ್ತಿ ಕುಳಿತು, ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡಳು.